ಮೂರನೆಯ ಖಾನೆ

ಲೂಯಿಸ್ಟನ್ನಿನ ಹಳೇ ಚರ್ಚಿನ ನೆಲಮಾಳಿಗೆ,
ತಿಂಗಳ ಎರಡನೆಯ ಮಂಗಳವಾರ ನಮ್ಮ ಸಭೆ.
ಐದು ಮಡಚು ಕುರ್ಚಿ, ಒಂದು ಹೂಜಿ ಕಾಫಿ.
ದುಡ್ಡು ಊರಿನವರದೇ, ನೂರು, ಇನ್ನೂರು:
ಕ್ಷೌರದ ರೇನಾಲ್ಡನದು, ನರ್ಸ್ ಒಡಿಲ್‌ಳದು,
ಗಂಡನ ಟ್ರಕ್ಕು ಮಾರಿ ನಾನು ಹಾಕಿದ್ದೂ ಸ್ವಲ್ಪ.
ಲೆಕ್ಕದ ಪುಸ್ತಕ ನನ್ನದು.
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಕೈ,
ಗೆರೆ ತಪ್ಪಿ ಬರೆಯುವುದಿಲ್ಲ.

ಬ್ಯಾಂಕಿನವರು ಕೇಳುವುದು ಬೇರೆ.
ನಾವು ಕೇಳುವುದು, ಹೋದ ಸಲ ಮೊಳಕೆ ಎಷ್ಟು ಬಂತು,
ಜಿಂಕೆ ಬೇಲಿ ಹಾರಿತೇ,
ಉಳಿದ ಕುಂಬಳ ಯಾರಿಗೆ ಕೊಟ್ಟಿರಿ.

ಆ ಮಂಗಳವಾರ ಬತೂಲಾ ಬಂದಳು, ಮಗಳು ಹಲೀಮೊ ಜೊತೆ.
ಜುಬ್ಬಾ ನದಿಯ ದಂಡೆಯಲ್ಲಿ ಮೆಕ್ಕೆಜೋಳ ಬಿತ್ತಿದವಳು,
ಶಿಬಿರದಲ್ಲಿ ಹನ್ನೆರಡು ವರ್ಷ
ಎಣ್ಣೆ ಡಬ್ಬಿಯೊಳಗೆ ಬೆಂಡೆ ಬೆಳೆದವಳು,
ಈಗ ಮೇನ್‌ನ ಕಲ್ಲುನೆಲದಲ್ಲಿ ನಾಲ್ಕು ಎಕರೆ ಗುತ್ತಿಗೆ.
ಬೇಕಿದ್ದದ್ದು ಒಂದು ತಂಪುಕೋಣೆ,
ಗುರುವಾರ ಕೊಯ್ದ ಸೊಪ್ಪು ಶನಿವಾರದ ಸಂತೆಗೆ
ತಲೆ ಎತ್ತಿಕೊಂಡೇ ಹೋಗಲು.
ನಾಲ್ಕು ಸಾವಿರದ ಆರುನೂರು ಡಾಲರು.

ಐವರೂ ಕೈ ಎತ್ತಿದೆವು.
ಅವಳು ಮಾತ್ರ ಕಾಗದದ ಮೂರನೆಯ ಖಾನೆಯ ಮೇಲೆ
ಮಣ್ಣು ಕೂತ ಉಗುರಿಟ್ಟಳು.
"ಇದು ಬೇಡವಂತೆ," ಅಂದಳು ಹಲೀಮೊ,
"ಬಡ್ಡಿ ತಿನ್ನುವುದೂ ತಪ್ಪು, ತಿನ್ನಿಸುವುದೂ ತಪ್ಪು.
ಅಸಲು ಒಂದು ಸೆಂಟೂ ಬಿಡದೆ ಕೊಡುತ್ತಾಳಂತೆ."

ಶೇಕಡಾ ಮೂರು ಅಷ್ಟೇ, ಎಂದ ರೇನಾಲ್ಡ.
ಅದೂ ಇಲ್ಲದಿದ್ದರೆ ನಿಧಿ ಸವೆಯುತ್ತದೆ, ಸೋಪಿನ ಹಾಗೆ.
ಸುಳ್ಳಲ್ಲ.
ಕಾಫಿ ಆರಿತು. ಎಲ್ಲರೂ ಕಿಟಕಿ ನೋಡಿದೆವು;
ನೆಲಮಾಳಿಗೆಯ ಕಿಟಕಿ, ಕಾಣುವುದು ಬರೀ ಬೂಟುಗಳು.

ಒಡಿಲ್ ಕೆಮ್ಮಿದಳು: ಕೋಣೆಯನ್ನು ನಾವೇ ಕೊಂಡು
ಇವಳಿಗೆ ಮಾರಿದರೆ? ಒಂದೇ ಬೆಲೆ, ಇವತ್ತೇ ಹೇಳಿ,
ಕಂತಿನಲ್ಲಿ ಕೊಡಲಿ.
"ಅದೇ ಅಂಕಿ, ಬೇರೆ ಅಂಗಿ," ರೇನಾಲ್ಡ ಗೊಣಗಿದ.
ಬತೂಲಾಗೆ ಅದೂ ತಿಳಿಯಿತು. ನಕ್ಕಳು.
ಮಗಳ ಬಾಯಲ್ಲಿ ಬಂತು ಉತ್ತರ:
"ಬೆಲೆ, ನಾವು ಮಲಗಿದಾಗ ಬೆಳೆಯುವುದಿಲ್ಲ."

ಮಳೆ ನಿಲ್ಲದ ಜೂನಿನಲ್ಲಿ ಒಂದು ಕಂತು ತಡವಾಯಿತು.
ಬೆಲೆ ಅಲ್ಲೇ ಕೂತಿತ್ತು, ಹೇಳಿದ ಕಡೆ.
ಮೂರನೆಯ ಅಕ್ಟೋಬರಿಗೆ ಎಲ್ಲ ತೀರಿತು.

ಮರುದಿನ ನನ್ನ ಮೆಟ್ಟಿಲ ಮೇಲೆ ಒಂದು ಚೀಲ,
ಬೆಂಡೆ, ದಂಟು, ಹೆಸರು ಗೊತ್ತಿಲ್ಲದ ಇನ್ನೊಂದು ಸೊಪ್ಪು.
ಅಭ್ಯಾಸಬಲ, ಪುಸ್ತಕ ತೆಗೆದು
ಖಾಲಿ ಬಿಟ್ಟ ಖಾನೆಯಲ್ಲಿ "ಚೀಲ, ಒಂದು" ಎಂದು ಬರೆದೆ.
ಆಮೇಲೆ ಆ ಉಗುರು ನೆನಪಾಗಿ
ಗೀಚಿ ಹಾಕಿದೆ, ಕಾಗದ ಹರಿಯುವಷ್ಟು.

ಬೆಂಡೆ ಲೋಳೆಯಾಯಿತು ನನ್ನ ಬಾಣಲೆಯಲ್ಲಿ.
ಹೇಗೆ ಹುರಿಯುವುದೆಂದು ಶನಿವಾರ ಕೇಳಬೇಕು.