ಕರಡಿನಲ್ಲಿ ಮರಿಗಳು

ಕಿಸುಮುವಿನ ಮೂರನೇ ಮಹಡಿಯಲ್ಲಿ ಕೂತು
ಪಂಜರ ಮೀನುಸಾಕಣೆ ನೀತಿಯ ಕರಡು ಟೈಪು ಮಾಡುತ್ತಿದ್ದೇನೆ.
ನಲವತ್ತೆರಡು ಪುಟ.
ಕಿಟಕಿಯಾಚೆ ಸರೋವರ, ಅದರ ಮೇಲೆ ಬೂದು ಬಿಸಿಲು.
ಸಾಹೇಬರು ಚಹಾಕ್ಕೆ ಇಳಿದಿದ್ದಾರೆ.

ಮರಿ ಎಂಬ ಮಾತು ಅರವತ್ತೊಂದು ಸಲ ಬಂದಿದೆ,
ಕಂಪ್ಯೂಟರು ಎಣಿಸಿ ಹೇಳಿತು.
ಮರಿಗಳನ್ನು ಬೆಳಗಿನ ತಂಪಿನಲ್ಲೇ ಸಾಗಿಸತಕ್ಕದ್ದು.
ಮರಿಗಳನ್ನು ಒಂದೇ ತೊಟ್ಟಿಯಲ್ಲಿ ಒತ್ತೊತ್ತಾಗಿ ತುಂಬತಕ್ಕದ್ದಲ್ಲ.
ಮರಿಗಳು ಮಂಕಾಗಿ ಮೇಲೆ ಬಂದು ಬಾಯಿ ತೆರೆದರೆ
ತಕ್ಷಣ ತಜ್ಞರಿಗೆ ತಿಳಿಸತಕ್ಕದ್ದು.
ಎಷ್ಟು ಅಕ್ಕರೆ ಈ ಸರ್ಕಾರಿ ಭಾಷೆಗೆ, ಅನ್ನಿಸಿತು,
ಊರಿಗೆ ಹೊರಟ ತಾಯಿ ಪಕ್ಕದ ಮನೆಯವಳಿಗೆ ಹೇಳಿಹೋದ ಹಾಗೆ.

ಎಲ್ಲವೂ ತಿಲಾಪಿಯಾದ ಮರಿ.

ಹೋದ ಮಂಗಳವಾರ ರಾಮೂಲ ದಂಡೆಯಲ್ಲಿ ಸಭೆ,
ಓಮೆನಾ ಒಣಗಿಸುವ ಕಟ್ಟೆಯ ಪಕ್ಕ, ತಗಡಿನ ಚಪ್ಪರದಡಿ.
ಸಾರ್ವಜನಿಕ ಅಹವಾಲು ಅಂತ ಬ್ಯಾನರು.
ಪಂಜರದ ಯಜಮಾನರು ಮುಂದಿನ ಸಾಲಿಗೆ,
ಹೆಂಗಸರು ಬಿಸಿಲಿಗೆ, ನಾನು ಟಿಪ್ಪಣಿ ಪುಸ್ತಕಕ್ಕೆ.
ಮೇವಿನ ಮೇಲಿನ ತೆರಿಗೆ, ಕಳ್ಳರ ಕಾಟ,
ಕಳೆದ ವರ್ಷ ಒಂದೇ ರಾತ್ರಿ ನೀರು ಉಸಿರು ಕಳೆದುಕೊಂಡು
ಎರಡು ಟನ್ನು ಮೀನು ಹೊಟ್ಟೆ ಮೇಲಾದದ್ದು...
ಗಂಟೆಗಟ್ಟಲೆ ಮಾತು. ಒಬ್ಬರು ಅತ್ತರು ಕೂಡ.

ಹಿಂದೆ, ದೋಣಿಯ ಅಂಚು ಹಿಡಿದು ಒಬ್ಬ ಹುಡುಗ
ತಲೆ ವಾಲಿಸಿ ಒಂಟಿಕಾಲಲ್ಲಿ ಕುಣಿಯುತ್ತಿದ್ದ.
ಆಟ ಅಂದುಕೊಂಡೆ.
ಕಿವಿಯಿಂದ ನೀರು ಇಳಿಸುತ್ತಿದ್ದನಂತೆ;
ಇಳಿದದ್ದು ನೀರಲ್ಲ.
ಹೆಸರು ರಗ್ವಾರ್.
ಮೀನು ತೂಗುವ ತಕ್ಕಡಿಗೆ ಜೋತುಬಿದ್ದು ತನ್ನ ತೂಕ ತೋರಿಸಿದ.
ಶಾಲೆ?
"ಶಾಲೆ ಇದೆ," ಅಂದ, ಬೆಟ್ಟ ಇದೆ ಅನ್ನುವ ಹಾಗೆ,
ದಿಕ್ಕು ತೋರಿಸಿ.

ಬಲೆಗೆ ಪಾಚಿ ಕಟ್ಟಿದರೆ ಮೀನಿಗೆ ಉಸಿರಿಲ್ಲ.
ದೊಡ್ಡವರು ಹೊಕ್ಕರೆ ಬಲೆ ಜಗ್ಗುತ್ತದೆ,
ಹುಡುಗರು ಸಣ್ಣ, ಹುಡುಗರು ಹಗುರ,
ಹುಡುಗರು ಉಸಿರು ಹಿಡಿಯಬಲ್ಲರು.
"ನೂರಾ ಹತ್ತು ಎಣಿಸುವ ತನಕ," ಹೆಮ್ಮೆಯಿಂದಲೇ ಅಂದ.
ರಾತ್ರಿ ಅದೇ ಪಂಜರದ ಹಲಗೆಯ ಮೇಲೆ ಕಾವಲು.
ನಿದ್ದೆ ಬಂದರೆ?
"ಕಾಲಿಗೆ ಹಗ್ಗ ಕಟ್ಟಿಕೊಳ್ಳುತ್ತೇನೆ."
ಯಾಕೆ ಅಂತ ನಾನು ಕೇಳಲಿಲ್ಲ.
ಎರಡು ಉತ್ತರಗಳಿದ್ದವು, ಎರಡೂ ನನಗೆ ಬೇಕಿರಲಿಲ್ಲ.

ಹಾಗಂತ ಅವನ ಚಿಕ್ಕಪ್ಪ ಕೇಡಿಯಲ್ಲ.
ಐದು ಮಕ್ಕಳ ತಟ್ಟೆಗೆ ಉಗಾಲಿ ಮುರಿದು ಹಾಕುವ ಕೈ.
ಸಭೆ ಮುಗಿದ ಮೇಲೆ ನನಗೂ ಒಂದು ಮೀನು
ಕಾಗದದಲ್ಲಿ ಸುತ್ತಿಕೊಟ್ಟ.
ಬೇಡ ಅನ್ನಲಿಲ್ಲ.
ತಿಂದೆ. ರುಚಿಯಾಗಿತ್ತು.

ಬಂದು ಹದಿನಾಲ್ಕನೇ ಪುಟದಲ್ಲಿ ಸೇರಿಸಿದೆ:
ಹದಿನೆಂಟು ತುಂಬದವರನ್ನು ನೀರೊಳಗೂ ರಾತ್ರಿ ಕಾವಲಿಗೂ ಇಳಿಸತಕ್ಕದ್ದಲ್ಲ;
ಪರವಾನಗಿ ಕೊಡುವ ಮುನ್ನ
ದಂಡೆಯ ಶಾಲೆಯ ಹಾಜರಿ ಪುಸ್ತಕ ನೋಡತಕ್ಕದ್ದು.
ಕೆಂಪು ಶಾಯಿಯಲ್ಲಿ ಹಿಂದಿರುಗಿತು:
"ಅಪ್ರಸ್ತುತ. ಇದು ಮೀನಿನ ನೀತಿ.
ಮಕ್ಕಳ ಇಲಾಖೆ ಎರಡನೇ ಮಹಡಿ."
ಎರಡನೇ ಮಹಡಿಗೆ ಇಳಿದೆ.
"ನೀರಿನೊಳಗಿನದು ನಮ್ಮದಲ್ಲ," ಅಂದರು,
ಕುರ್ಚಿ ಕೊಟ್ಟು, ಮರ್ಯಾದೆಯಿಂದ.

ಈಗ ಅನುಬಂಧ ಮೂರು. ಮೇವಿನ ಪಟ್ಟಿ.
ಪ್ರಾಯ, ತೂಕ, ದಿನಕ್ಕೆ ಎಷ್ಟು ಸಲ, ಎಷ್ಟು ಗ್ರಾಂ.
ಎರಡು ಗ್ರಾಮಿನ ಮರಿಗೆ ನಾಲ್ಕು ಸಲ.
ಐವತ್ತು ಗ್ರಾಮಿನದಕ್ಕೆ ಮೂರು.
ಮುನ್ನೂರಕ್ಕೆ ಎರಡು.
ಅದರ ಕೆಳಗೆ ಒಂದು ಸಾಲು ಖಾಲಿ ಉಳಿದಿತ್ತು.
ಬೆರಳು ನಿಂತಿತು. ಮತ್ತೆ ಹೊರಟಿತು:

ರಗ್ವಾರ್. ಹನ್ನೊಂದು ವರ್ಷ. ಇಪ್ಪತ್ತೇಳು ಕಿಲೋ.
ದಿನಕ್ಕೆ ಒಂದು ಸಲ, ಸಂಜೆ.
ಗ್ರಾಂ ಗೊತ್ತಿಲ್ಲ.

ನಲವತ್ತು ಪ್ರತಿಗೆ ಗುಂಡಿ ಒತ್ತಿದೆ. ಯಂತ್ರ ಬಿಸಿಯಾಗುತ್ತಿದೆ.
ಯಾರಾದರೂ ಕೇಳಿದರೆ ಮುದ್ರಣದೋಷ ಅಂದೇನು;
ಕೇಳದೆ ಸಹಿ ಹಾಕಿದರೆ, ಕಾನೂನು.
ಮೆಟ್ಟಿಲಲ್ಲಿ ಸಾಹೇಬರ ಬೂಟಿನ ಸದ್ದು.
ನೂರಾ ಹತ್ತು ಎಣಿಸಲು ಶುರುಮಾಡಿದ್ದೇನೆ, ಉಸಿರು ಹಿಡಿದು.
ಮೂವತ್ತೆಂಟಕ್ಕೇ
ಕಿವಿ ಗುಂಯ್ ಅನ್ನುತ್ತಿದೆ.