ಚಕ್ಕುಬಂದಿ

ಪೂರ್ವಕ್ಕೆ ಇಪ್ಪತ್ತಡಿ ರಸ್ತೆ,
ಪಶ್ಚಿಮಕ್ಕೆ ನಿಂಗೋಜಿರಾಯರ ಬಾಬ್ತು ಸೈಟು,
ದಕ್ಷಿಣಕ್ಕೆ ಚರಂಡಿಗೆ ಬಿಟ್ಟ ಜಾಗ,
ಉತ್ತರಕ್ಕೆ...
ಉತ್ತರಕ್ಕೆ ಯಾರು ಹೇಳಿ, ಎಂದೆ.
ಕೊಳ್ಳುವವರು ಮಾರುವವರ ಮುಖ ನೋಡಿದರು,
ಮಾರುವವರು ಫೋನು ಹಿಡಿದು ಹೊರಗೆ ಹೋದರು.

ಹನ್ನೊಂದು ವರ್ಷದಿಂದ ಕುಟ್ಟುತ್ತಿದ್ದೇನೆ
ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಓಣಿಯಲ್ಲಿ,
ಗುರುಬಸಯ್ಯನವರ ಪತ್ರದ ಅಂಗಡಿಯಲ್ಲಿ,
ಜೆರಾಕ್ಸ್ ಮಶೀನಿನ ಬಿಸಿಗೆ ಬೆನ್ನು ಕೊಟ್ಟು.
ಅರ್ಧ ಶಿವಮೊಗ್ಗ ನನ್ನ ಬೆರಳಡಿಯಲ್ಲೇ ಕೈ ಬದಲಾಯಿಸಿದೆ.
ಗೋಪಾಳದ ಯಾವ ಮನೆಗೆ ಎಷ್ಟಡಿ ಮೂಲೆ ಕತ್ತರಿಸಿದೆ,
ವಿನೋಬನಗರದ ಯಾವ ಅಣ್ಣತಮ್ಮಂದಿರು
ಒಂದೇ ಬಾವಿಯ ನಡುವೆ ಗೋಡೆ ಎಬ್ಬಿಸಿದ್ದಾರೆ, ಬಲ್ಲೆ.
ಪತ್ರದಲ್ಲಿ ಆರು ಲಕ್ಷ, ಚೀಲದಲ್ಲಿ ಏಳು;
ಚೀಲದ್ದನ್ನು ನಾನು ಕುಟ್ಟುವುದಿಲ್ಲ.

ನಿಧಿ, ನಿಕ್ಷೇಪ, ಜಲ, ತರು, ಪಾಷಾಣ
ಇಪ್ಪತ್ತು ಮೂವತ್ತರ ಸೈಟಿಗೂ ಬರೆಯಬೇಕು ಇದನ್ನೆಲ್ಲ.
ಇದರಲ್ಲಿ ನಿಧಿ ಎಲ್ಲಿದೆ ಸಾರ್ ಎಂದರೆ
ಗುರುಬಸಯ್ಯ ಕನ್ನಡಕ ಏರಿಸಿ,
ಪದ್ಧತಿ ಕಣಮ್ಮ, ರಾಜರ ಕಾಲದ್ದು, ಕೈಬಿಡಬೇಡ, ಎಂದರು.
ಆ ಸೈಟಿನಲ್ಲಿ ಇದ್ದದ್ದು ಒಂದು ಲೈಟು ಕಂಬ.
ಅದೂ ಮೆಸ್ಕಾಂನದು.

ಸೋಮಿನಕೊಪ್ಪದ ಆಚೆ ಒಂದು ಭಾನುವಾರ
ನಾವೂ ಹೋಗಿ ನೋಡಿದೆವು. ಸುಣ್ಣ ಬಳಿದ ಕಲ್ಲು ನಾಲ್ಕು.
ಹಾಲೇಶಿ ಚಪ್ಪಲಿ ಬಿಟ್ಟು ಪಾದದಲ್ಲಿ ಅಳೆದ,
ಇಲ್ಲಿ ಅಡಿಗೆ ಮನೆ, ಇಲ್ಲಿ ಮಲಗೋದು ಅಂತ
ಹುಲ್ಲಿನ ಮೇಲೆ ಮಲಗಿಯೇ ಬಿಟ್ಟ.
ಆಳು ಉದ್ದ. ಕಾಲು ಪಕ್ಕದ ಸೈಟಿಗೆ ಹೋಯಿತು.
ಹಾಸಿಗೆ ಇದ್ದಷ್ಟು, ಎಂದು ಶುರು ಮಾಡಿದ ಬ್ರೋಕರ್ ರುದ್ರೇಶಣ್ಣ
ನನ್ನ ಮುಖ ನೋಡಿ ಮಿಕ್ಕಿದ್ದನ್ನು ನುಂಗಿಕೊಂಡ.

ಆಗ ಚದರಡಿಗೆ ಹದಿನಾಲ್ಕು ನೂರು.
ಚೀಟಿ ಎತ್ತುವ ಹೊತ್ತಿಗೆ ಹದಿನೇಳಾಯಿತು.
ನನ್ನ ಎರಡೆಳೆ ಸರ ಅಡವಿಗೆ ಹೋದ ವಾರವೇ
ಸೋಗಾನೆಯಲ್ಲಿ ವಿಮಾನ ಇಳಿಯಿತು,
ಊರೆಲ್ಲ ತಲೆ ಎತ್ತಿ ನೋಡಿತು, ನಾವೂ ನೋಡಿದೆವು.
ರೇಟು ಮಾತ್ರ ಇಳಿಯಲಿಲ್ಲ.

ಬ್ಯಾಂಕಿನ ಹುಡುಗ ಒಳ್ಳೆಯವನೇ.
ಸಂಬಳದ ಸ್ಲಿಪ್ ತನ್ನಿ, ಎಂದ.
ಆಟೋ ಕಾಂಪ್ಲೆಕ್ಸಿನಲ್ಲಿ ಲಾರಿಯ ಕಮಾನು ಪಟ್ಟಿ ಬಡಿಯುವವನಿಗೆ
ಸ್ಲಿಪ್ ಎಂದರೆ ಸುತ್ತಿಗೆ ಜಾರುವುದು.
ಹಾಲೇಶಿ ಅಂಗೈ ತೋರಿಸಿದ.
ಹುಡುಗ ಅದನ್ನು ನೋಡಿದ, ಕಂಪ್ಯೂಟರ್ ನೋಡಿದ,
ಅಲ್ಲಿ ಅಂಗೈಗೆ ಕಾಲಂ ಇರಲಿಲ್ಲ.

ಈಗಿರುವುದು ಟ್ಯಾಂಕ್ ಮೊಹಲ್ಲಾದ ಮಹಡಿಯ ಒಂದೂವರೆ ಕೋಣೆ.
ಫಿಲೋಮಿನಮ್ಮ ಕೆಟ್ಟವರಲ್ಲ,
ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದು ಮಾಡುತ್ತಾರೆ.
ಅದನ್ನೂ ಕುಟ್ಟುವುದು ನಾನೇ,
ಏರಿದ ಬಾಡಿಗೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ,
ಟೈಪಿಂಗ್ ಚಾರ್ಜು ಬಿಟ್ಟು.

ಮಾರುವವರ ಫೋನು ಇನ್ನೂ ಮುಗಿದಿರಲಿಲ್ಲ.
ಉತ್ತರಕ್ಕೆ ಎಂಬುದರ ಮುಂದೆ ಕರ್ಸರು ಮಿಣುಕುತ್ತಿತ್ತು,
ಒಳಗೆ ಬರಲೋ ಬೇಡವೋ ಎಂದು ಹೊಸಿಲಲ್ಲಿ ನಿಂತವರ ಹಾಗೆ.
ಕುಟ್ಟಿದೆ:
ಹಾಲೇಶಪ್ಪನ ಹೆಂಡತಿ ವನಜಾಕ್ಷಿಯ ಖಾತೆ ಸ್ವತ್ತು.
ಎಷ್ಟು ಚೆನ್ನಾಗಿ ಕೂತಿತು ಸಾಲಿನಲ್ಲಿ,
ಕಾಗುಣಿತ ಒಂದೂ ತಪ್ಪಿಲ್ಲ.
ಕೊಳ್ಳುವಾಕೆ ಬೆಂಚಿನ ಮೇಲೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.
ಪರವಾಗಿಲ್ಲ ಅನ್ನಿಸಿತು,
ರಾತ್ರಿ ಒಂಬತ್ತಕ್ಕೆ ಹೋಗಿ
ಹೆಪ್ಪಿಗೊಂದು ಚಮಚ ಮಜ್ಜಿಗೆ ಕೇಳಬಹುದಾದಂಥ ಮುಖ.

ಅದಿನ್ನೂ ಮಾರಿಲ್ಲವಂತಮ್ಮ,
ಲೇಔಟಿನ ಉಳಿಕೆ ಜಮೀನು ಅಂತ ಹಾಕಿಬಿಡಿ.

ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸಿದೆ.
ಮೊದಲು ಸ್ವತ್ತು ಹೋಯಿತು, ಆಮೇಲೆ ನಾನು,
ಹಾಲೇಶಿ ಕೊನೆಗೆ ಹೋದ.
ಉತ್ತರಕ್ಕೆ ಉಳಿಕೆ ಜಮೀನು.

ಎಷ್ಟು ಉಳಿದಿದೆ, ಕೇಳಿದೆ.
ಚಕ್ಕುಬಂದಿಗೆ ಅದು ಬೇಕಾಗುವುದಿಲ್ಲ, ಎಂದರು ಗುರುಬಸಯ್ಯ,
ಪ್ರಿಂಟು ಕೊಡಮ್ಮ.