ಎಡಗಡೆಯವಳು

ನಮ್ಮ ಸಿಲೇಸಿಯಾದಲ್ಲಿ ಇದಕ್ಕೆ ತ್ರೋಯಾಕ್ ಅಂತ ಹೆಸರು.
ಅಂದರೆ ಮೂವರದು. ನಡುವೆ ಒಬ್ಬ ಗಂಡು, ಅತ್ತ ಇತ್ತ ಹೆಣ್ಣು.
ಬಲಗಡೆ ತ್ರೂದಾ. ಎಡಗಡೆ ನಾನು.
ಆಹಿಮ್ ನಮ್ಮ ಕೈ ಹಿಡಿದವನಲ್ಲ,
ಕರವಸ್ತ್ರದ ತುದಿ ಹಿಡಿದವನು.
ಕೈ ಹಿಡಿದದ್ದು ಆಮೇಲೆ,
ಒಬ್ಬಳದು ಮಾತ್ರ.

ಶನಿವಾರ ಗಣಿಯಿಂದ ನೇರ ಬರುತ್ತಿದ್ದ.
ಮೂರು ಸಲ ಸೋಪು ಹಚ್ಚಿದರೂ
ರೆಪ್ಪೆಯಂಚಿನ ಇದ್ದಿಲು ಬಿಡದು,
ಕೂಸಿಗೆ ತೀಡಿದ ಕಾಡಿಗೆಯ ಹಾಗೆ.

ಮೊದಲು ನಿಧಾನ, ಮೂರೆಣಿಕೆ.
ಅವಳ ಕಡೆ ಬಾಗಿ, ನನ್ನ ಕಡೆ ಬಾಗಿ.
ಆಮೇಲೆ ಪಿಟೀಲು ಹುಚ್ಚೆದ್ದು ಓಡುತ್ತದೆ, ಎರಡೆಣಿಕೆ,
ನಾವಿಬ್ಬರೂ ಕೈಯೆತ್ತಿ ಕಟ್ಟಿದ ಕಮಾನಿನಡಿ
ಅವನು ತಲೆ ತಗ್ಗಿಸಿ ನುಸುಳಬೇಕು.
ಒಮ್ಮೆ ನನ್ನ ಮೊಣಕೈ ತಾಕಿ ಟೋಪಿ ಬಿತ್ತು.
ಎತ್ತಿಕೊಟ್ಟವಳು ತ್ರೂದಾ.
ಆ ಚಳಿಗಾಲವೇ ಮದುವೆ.
ಅವಳ ರವಿಕೆ ಹೊಲಿದವಳು ನಾನೇ,
ಗುಂಡಿಗೆ ಗುಂಡಿ ಲೆಕ್ಕ ಹಾಕಿ, ಒಂದನ್ನೂ ತಪ್ಪಿಸದೆ.

ಏಳುನೂರು ಮೀಟರ್ ಕೆಳಗೆ ಅನಿಲ ಹೊತ್ತಿದ ದಿನ
ಕಬ್ಬಿಣದ ಪಂಜರ ಮೇಲೆ ಬಂತು,
ಮತ್ತೆ ಬಂತು, ಹತ್ತು ಸಲ ಬಂತು.
ಗೇಟಿನ ಹತ್ತಿರ ನಾನು ತ್ರೂದಾಳ ಎಡಗಡೆಯೇ ನಿಂತಿದ್ದೆ.
ಅಳುವ ಹಕ್ಕು ಯಾರದೆಂದು ಊರಿಗೆ ಗೊತ್ತು.
ನಾನು ಅವಳ ಚೀಲ ಹಿಡಿದುಕೊಂಡಿದ್ದೆ.

ಈಗ ಗಣಿ ಮುಚ್ಚಿದೆ, ಚಕ್ರದ ಮೇಲೆ ಪಾರಿವಾಳ.
ಅಗ್ನಿಶಾಮಕದವರ ಸಭಾಂಗಣದಲ್ಲಿ
ಸಬೀನಾ ಟೀಚರು ಕುಣಿತ ಕಲಿಸುತ್ತಾಳೆ:
ಹನ್ನೊಂದು ಹುಡುಗಿಯರು, ಹುಡುಗರು ಇಬ್ಬರು,
ಅವರಲ್ಲೊಬ್ಬನಿಗೆ ಕಾಲು ಉಳುಕಿದೆ.
ನಾವು ಮುದುಕಿಯರು ಹೋಗುವುದು ರಿಬ್ಬನ್ ಇಸ್ತ್ರಿ ಮಾಡಲು.
ಗಸಗಸೆ ತುಂಬಿದ ಕೊವೊಚ್ ತಿನ್ನಲು, ನಿಜ ಹೇಳಬೇಕೆಂದರೆ.

"ಒಮ್ಮೆ ನೀವೇ ತೋರಿಸಿ" ಎಂದಳು ಸಬೀನಾ,
"ಆದರೆ ನಡುವೆ ಯಾರು?"
ತ್ರೂದಾ ಟೋಪಿಯನ್ನು ನನ್ನ ತಲೆಗೆ ಒತ್ತಿದಳು,
ನಲವತ್ತಾರು ವರ್ಷದ ಮೇಲೆ, ಒಂದು ಮಾತೂ ಆಡದೆ.
ಎಡಕ್ಕೆ ಒಂಬತ್ತರ ಪೋರಿ, ಹಲ್ಲು ಬಿದ್ದ ಬಾಯಿ.

ಬಲಕ್ಕೆ ಬಾಗಿದೆ. ಪೋರಿಗೆ ನನ್ನ ಬೆನ್ನು.
ಎಡಕ್ಕೆ ಬಾಗಿದೆ. ತ್ರೂದಾಗೆ ಬೆನ್ನು.
ಅಯ್ಯೋ, ಇಷ್ಟೇನಾ!
ನಡುವೆ ನಿಂತವನಿಗೆ ಇರುವುದೊಂದೇ ಮುಖ.
ನಾನೋ ಆ ಬೆನ್ನನ್ನೇ ಓದುತ್ತ ಕೂತವಳು,
ಬೇಡ ಎಂದು ಬರೆದಿದೆ ಅಂತ.

ಅಕಾರ್ಡಿಯನ್ ಓಡತೊಡಗಿತು. ನನ್ನ ಮಂಡಿ ಕಿರುಗುಟ್ಟಿತು.
ಪೋರಿಯೂ ಮುದುಕಿಯೂ ಕೂಡಿ ಕಟ್ಟಿದ ಕಮಾನು
ಒಂದು ಕಡೆ ಎತ್ತರ, ಒಂದು ಕಡೆ ಗಿಡ್ಡ.
"ಬಗ್ಗು, ಎಲ್ಫ್ರಿದಾ, ಬಗ್ಗೇ,
ಟೋಪಿ!"